ಅಯ್ಯಯ್ಯೋ ಮಿಸ್

ಒಂದನೇ ತರಗತಿಯ ಟೀಚರಿಗೆ ಇಡೀ ಶಾಲೆ ಇಟ್ಟ ಹೆಸರು ಅಯ್ಯಯ್ಯೋ ಮಿಸ್. ಬೆತ್ತ ಅವರ ಕೈಗೆ ಒಗ್ಗದು. ಮಕ್ಕಳನ್ನು ತಿದ್ದಲು ಅವರಿಗೆ ಗೊತ್ತಿದ್ದ ವಿದ್ಯೆ ಒಂದೇ, ಗಾಬರಿ ಬೀಳುವುದು. ಯಾರಾದರೂ ಪಕ್ಕದವಳನ್ನು ಡುಮ್ಮಿ ಅಂದರೆ ಸಾಕು, ಸೀಮೆಸುಣ್ಣ ಕೈಜಾರಿ ಬೀಳುತ್ತಿತ್ತು, ಎರಡೂ ಕೈ ಎದೆಗೆ ಹೋಗುತ್ತಿದ್ದವು. "ಅಯ್ಯಯ್ಯೋ! ನಮ್ಮವಳಿಗೇ ಹಿಂಗಂದ್ರೆ ಅವಳು ಎಲ್ಲಿಗೆ ಹೋಗ್ಬೇಕಪ್ಪಾ?" ಎನ್ನುತ್ತಾ ಮಿಸ್ ಕುರ್ಚಿಯಲ್ಲಿ ಕುಸಿಯುತ್ತಿದ್ದರು. ಅಂದವರೇ ನೀರಿನ ಬಾಟಲಿ ತಂದುಕೊಟ್ಟು, ಪಕ್ಕದವಳಿಗೆ ತಪ್ಪಾಯ್ತು ಎಂದ ಮೇಲಷ್ಟೇ ಅವರಿಗೆ ಜೀವ ಬರುತ್ತಿತ್ತು. ಹೊಸ ಹುಡುಗಿಗೆ ಬೆಂಚಿನಲ್ಲಿ ಜಾಗ ಬಿಡದಿದ್ದರೆ ಅಯ್ಯಯ್ಯೋ, ತೊದಲುವವನನ್ನು ಅಣಕಿಸಿದರೆ ಅಯ್ಯಯ್ಯೋ; ಒಮ್ಮೆ ಯಾರೋ ಇರುವೆ ಸಾಲನ್ನು ತುಳಿದಾಗ ಅವರು ಬೆಚ್ಚಿಬಿದ್ದ ಪರಿಗೆ ಪಕ್ಕದ ತರಗತಿಯೇ ಓಡಿಬಂದಿತ್ತು. ಹೀಗಿರುವಾಗ ಒಂದು ದಿನ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು, "ಏನಮ್ಮಾ, ತಲೇಲಿ ಮಣ್ಣು ತುಂಬಿದೆಯಾ? ಬೆಲ್ ಆಗಿದ್ದು ಕೇಳಿಸ್ಲಿಲ್ವಾ?" ಎಂದು ಮಕ್ಕಳೆದುರೇ ಗದರಿದರು. ಸೀಮೆಸುಣ್ಣ ಬೀಳಲಿಲ್ಲ. "ತಪ್ಪಾಯ್ತು ಸರ್," ಎಂದು ಮಿಸ್ ತಲೆ ತಗ್ಗಿಸಿ, ದಿನವೂ ಒರೆಸುವ ಹಾಗೆ ಬೋರ್ಡು ಒರೆಸತೊಡಗಿದರು. ಬೆನ್ನ ಹಿಂದೆ ಒಮ್ಮೆಗೇ "ಅಯ್ಯಯ್ಯೋ!" ಎಂಬ ಕೂಗೆದ್ದಿತು. ತಿರುಗಿದರೆ ಇಡೀ ತರಗತಿ ಎದೆಗೆ ಕೈಯೊತ್ತಿಕೊಂಡು ನಿಂತಿದೆ. ಇಷ್ಟು ವರ್ಷ ತಮಗೇ ಯಾರಾದರೂ ಅಂದ ಇಂಥ ಮಾತಿಗೆ ತಾವೊಮ್ಮೆಯೂ ಬೆಚ್ಚಿರಲಿಲ್ಲವೆಂದು ಆಗ ಹೊಳೆದು, ಮಿಸ್ಸಿಗೆ ನಿಜವಾಗಿಯೂ ಎದೆ ಧಸಕ್ಕೆಂದಿತು, ಕುರ್ಚಿಯಲ್ಲಿ ಕುಸಿದರು. ಮುಂದಿನ ಬೆಂಚಿನ ಪುಟ್ಟಿ ನೀರಿನ ಬಾಟಲಿಯನ್ನು ತಂದು ಹೆಡ್‌ಮಾಸ್ಟರ ಕೈಗಿಟ್ಟಳು. "ತಗೊಳ್ಳಿ ಸರ್. ಅಂದವರೇ ಕೊಡ್ಬೇಕು."