ಸೇಡಮಿನ ಗುಮಾಸ್ತರಿಗೆ ಇಂಗ್ಲಿಷ್ ಕಲಿಸಿದ್ದು

ನಾನು ಇಂಗ್ಲಿಷ್ ಮಾಸ್ತರನಾಗಿ ಸೇಡಮಿಗೆ ಬಂದಾಗ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಆಡಳಿತ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ಧಾರವಾಡದ ಕಡೆಯವನು ನಾನು. ಶಾಲೆ ಬಿಟ್ಟ ಮೇಲೆ ನನ್ನ ಜೊತೆ ಮಾತಾಡುವವರು ಯಾರೂ ಇರಲಿಲ್ಲ. ಊರವರು ಗೌರವದಿಂದ ನಮಸ್ಕಾರ ಮಾಡಿ ದಾಟಿಹೋಗುತ್ತಿದ್ದರು. ಆ ಗೌರವ ನನಗೆ ಸಾಕುಸಾಕಾಗಿತ್ತು. ಭಾನುವಾರ ಸ್ಟೇಷನ್ನಿಗೆ ಹೋಗಿ, ವಾಡಿ ಕಡೆಯ ಗಾಡಿ ಹತ್ತುವವರ ಗದ್ದಲವನ್ನಾದರೂ ಕೇಳಿ ಬರುತ್ತಿದ್ದೆ.

ಒಂದು ಸಂಜೆ ತಹಶೀಲ ಕಚೇರಿಯ ಗುಮಾಸ್ತರೊಬ್ಬರು ನನ್ನ ಖೋಲಿಗೆ ಬಂದರು. ವಯಸ್ಸು ಐವತ್ತರ ಹತ್ತಿರ, ಹಣೆ ತುಂಬ ವಿಭೂತಿ. ಕಚೇರಿಯಲ್ಲಿ ಅಷ್ಟು ವರ್ಷ ಬರೆದದ್ದೆಲ್ಲ ಉರ್ದು. ಈಗ ಕಾಗದಪತ್ರಗಳು ಇಂಗ್ಲಿಷಿಗೆ ತಿರುಗಿದ್ದವು.

“ಇಂಗ್ಲಿಷ್ ಪರೀಕ್ಷಾ ಪಾಸಾದ್ರ ಇಲ್ಲೇ ಇಟ್ಕೋತಾರಂತ್ರಿ. ಇಲ್ಲಾಂದ್ರ ಕುಂಚಾವರಂ ಕಡಿ ಹಾಕ್ತಾರ. ನಮ್ಮ ಮನಿಯಾಕಿಗಿ ಕಣ್ಣು ಕಾಣಂಗಿಲ್ರಿ ಮಾಸ್ತರ್ರ. ಈ ಓಣ್ಯಾಗಾದ್ರ ಗ್ವಾಡಿ ಮುಟ್ಟಿ ಮುಟ್ಟಿ ತಿರಗತಾಳ. ಆ ಅಡವ್ಯಾಗ ಹ್ಯಾಂಗ ಮಾಡ್ತಾಳ್ರಿ?”

ಮೊದಲ ತಿಂಗಳು ಮಕ್ಕಳ ಪುಸ್ತಕ ಹಿಡಿದು ಅವರನ್ನೂ ದಣಿಸಿದೆ, ನಾನೂ ದಣಿದೆ. ಐವತ್ತರ ಮನುಷ್ಯನಿಂದ ಬೆಕ್ಕು ಚಾಪೆಯ ಮೇಲೆ ಕೂತಿದೆ ಎಂದು ಓದಿಸಿದ ಜಾಣ ನಾನು. ಅವರು ನಾಚಿಕೊಳ್ಳುತ್ತಲೇ ಓದಿದರು. ಆಮೇಲೆ ನನಗೆ ಬುದ್ಧಿ ಬಂತು. ಅರ್ಜಿ ಬರೆಯುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಯಾವ ಮಾತು ಮೊದಲು, ಎಲ್ಲಿ ವಿನಯ, ಎಲ್ಲಿ ಬಿಗಿ, ಎಲ್ಲ ಗೊತ್ತು; ಭಾಷೆಯೊಂದೇ ಬೇರೆ. ಪುಸ್ತಕ ಮುಚ್ಚಿಸಿದೆ. ತಾವು ಹಿಂದೆ ಬರೆದ ಉರ್ದು ಅರ್ಜಿಯೊಂದನ್ನು ನೆನಪಿಸಿಕೊಂಡು ಕನ್ನಡದಲ್ಲಿ ಹೇಳಬೇಕು, ಇಬ್ಬರೂ ಕೂಡಿ ಇಂಗ್ಲಿಷಿಗೆ ತರಬೇಕು, ಮರುದಿನ ಅದನ್ನೇ ಅವರು ನೋಡದೆ ಬರೆಯಬೇಕು. ಹೀಗೆ ಆಡಕಿ ಊರಿನ ಬದುವಿನ ಜಗಳ, ಕೋಡ್ಲಾದಲ್ಲಿ ಕಳೆದುಹೋದ ಎಮ್ಮೆ ಎಲ್ಲ ಇಂಗ್ಲಿಷಿಗೆ ಬಂದವು. ನಡುವೆ ಆ ಎಮ್ಮೆಯ ಮಾಲಕ ಎಂಥ ಆಸಾಮಿ ಎಂಬ ಕತೆಯೂ ಬರುತ್ತಿತ್ತು. ನಾನು ಹೊಟ್ಟೆ ತುಂಬ ನಗುತ್ತಿದ್ದೆ. ಐದು ತಿಂಗಳಲ್ಲಿ ಅವರು ನನ್ನ ಮೆಟ್ರಿಕ್ ಹುಡುಗರಿಗಿಂತ ಚೆನ್ನಾಗಿ ಬರೆಯತೊಡಗಿದರು.

ಪರೀಕ್ಷೆಗೆ ಹೆಸರು ಕೊಡುವ ದಿನ ಬಂತು.

“ಈ ಸಲ ಕುಂದರ್ಲೇನ್ರಿ?” ಎಂದು ಕೇಳಿದರು.

ಪಾಸಾದರೆ ಈ ಮನುಷ್ಯ ಇನ್ನು ನನ್ನ ಖೋಲಿಗೆ ಬರುವುದಿಲ್ಲ ಎಂಬುದೊಂದೇ ನನಗೆ ತೋಚಿತು.

“ಗಡಿಬಿಡಿ ಬ್ಯಾಡ್ರಿ. ಇನ್ನೊಂದಿಷ್ಟು ಗಟ್ಟಿ ಆಗ್ರಿ. ಮುಂದಿನ ಸಲ ನೋಡೂಣು” ಎಂದೆ.

ಅವರು ಒಪ್ಪಿದರು. ಮುಂದಿನ ಸಲ ಇದ್ದೇ ಇದೆಯಲ್ಲ ಎಂದು ನಾನೂ ಸಮಾಧಾನ ಹೇಳಿಕೊಂಡೆ. ಅಲ್ಲಿಯತನಕ ಸರಕಾರ ಕಾಯಲಿಲ್ಲ. ಎರಡೇ ತಿಂಗಳಲ್ಲಿ ಅವರಿಗೆ ಕುಂಚಾವರಂಗೆ ವರ್ಗದ ಹುಕುಂ ಬಂತು.

ಕಳಿಸಿಕೊಡಲು ಬಸ್ಸಿನ ಹತ್ತಿರ ಹೋದೆ. ಅವರ ಹೆಂಡತಿ ಆಗಲೇ ಒಳಗೆ ಕೂತು, ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಇವತ್ತು ನಿಜ ಹೇಳಿಬಿಡಬೇಕೆಂದೇ ಮನೆಯಿಂದ ಹೊರಟಿದ್ದೆ. ಅಷ್ಟರಲ್ಲಿ ಗುಮಾಸ್ತರೇ ನನಗೆ ಕೈ ಮುಗಿದರು.

“ನನ್ನ ತಲೀನೇ ಮಂದ ಐತ್ರಿ ಮಾಸ್ತರ್ರ. ನೀವು ಭಾಳ ಕಷ್ಟಪಟ್ಟು ಕಲಿಸಿದ್ರಿ, ನಾನೇ ತಯಾರಾಗ್ಲಿಲ್ಲ. ಮನಸಿಗಿ ಹಚ್ಚಿಕೋಬ್ಯಾಡ್ರಿ.”

“ಓದೋದು ಬಿಡಬ್ಯಾಡ್ರಿ” ಎಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ.

ಅವರು ಆಗಲಿ ಎಂದು ಬಸ್ಸು ಹತ್ತಿದರು.