ಏನನ್ನೂ ಅಳಿಸದ ಶಾಂತರಾಜರು

ಮಂಗಳವಾರದ ಬೆಳಗು. ರಾತ್ರಿಯೆಲ್ಲ ಇಳಿದ ಇಬ್ಬನಿ ಮಾದಿಹಳ್ಳಿಯ ತೆಂಗಿನ ಗರಿಗಳಿಂದ ಇನ್ನೂ ತೊಟ್ಟಿಕ್ಕುತ್ತಿದೆ. ಡೈರಿಯ ಮುಂದೆ ಹಾಲಿನ ಕ್ಯಾನುಗಳ ಸದ್ದು ಕೇಳುತ್ತದೆ, ಕ್ಯಾನುಗಳು ಕಾಣುವುದಿಲ್ಲ. ಆ ಮಂಜಿನೊಳಗಿಂದ ಹಳೆಯ ಮೊಪೆಡ್ಡೊಂದು ಬಂದು ಗ್ರಂಥಾಲಯದ ಮುಂದೆ ನಿಲ್ಲುತ್ತದೆ. ಮಫ್ಲರ್ ಬಿಚ್ಚಿ, ಕನ್ನಡಕದ ಹನಿ ಒರೆಸಿಕೊಂಡು, ದೇವರ ಮನೆಗೆ ಹೋಗುವವರಂತೆ ಚಪ್ಪಲಿ ಹೊರಗೆ ಬಿಟ್ಟು ಒಳಹೋಗುವವರು ಹಳೇಬೀಡಿನ ಶಾಂತರಾಜರು. ವಯಸ್ಸು ಐವತ್ತೆಂಟು. ಅರಸೀಕೆರೆ, ಬೇಲೂರು ಸೀಮೆಯ ಶಾಲೆ, ಸಂಘ, ಗ್ರಂಥಾಲಯಗಳಲ್ಲಿ ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿದ ಕಂಪ್ಯೂಟರು ಕೈಕೊಟ್ಟರೆ ಜನ ಹುಡುಕುವುದು ಇವರನ್ನೇ.

ಒಳಗೆ ಇಂದು ಎಂಬ ಹೆಸರಿನ ಗ್ರಂಥಪಾಲಕಿ ಕಾಯುತ್ತಿದ್ದಾರೆ. ಊರಿನ ಒಂದೊಂದು ಹೊಲಕ್ಕೂ, ಕಟ್ಟೆಗೂ, ಬಂಡೆಗೂ ಹಿರಿಯರು ಇಟ್ಟ ಹೆಸರುಗಳನ್ನು ಅವರು ಮೂರು ವರ್ಷದಿಂದ ಕೇಳಿ ಕೇಳಿ ಟೈಪು ಮಾಡಿದ್ದಾರೆ. ಒಟ್ಟು ಆರುನೂರ ಹನ್ನೆರಡು. ಹೇಳಿದವರಲ್ಲಿ ಕೆಲವರು ಈಗಿಲ್ಲ. ಶುಕ್ರವಾರದಿಂದ ಆ ಕಡತ ತೆಗೆಯುವ ತಂತ್ರಾಂಶವೇ ಏಳುತ್ತಿಲ್ಲ. ಒತ್ತಿದರೆ ಒಮ್ಮೆ ಮಿಂಚಿ ಮಾಯವಾಗುತ್ತದೆ.

ಹೊರಗೆ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿರುವವರು ಕೆಂಚಪ್ಪ. ಹನ್ನೊಂದು ವರ್ಷದಿಂದ ಈ ಬಾಗಿಲು ತೆಗೆದು ಗುಡಿಸಿ ಒರೆಸುವವರು. ಹೆಸರು ಹೇಳಬಲ್ಲ ಮುದುಕರನ್ನು ಕೈಹಿಡಿದು ಕರೆತಂದವರೂ ಅವರೇ. ಶುಕ್ರವಾರ ಬೆಳಿಗ್ಗೆ ನೆಲ ಒರೆಸುವಾಗ ಕಂಪ್ಯೂಟರಿನ ಪ್ಲಗ್ ಕಿತ್ತಿದ್ದರು. ಹತ್ತು ಗಂಟೆಗೆ ಇಂದು ಅವರು ಬಂದು ಕೂತರೆ ತಂತ್ರಾಂಶ ಇಲ್ಲ. ಪ್ಲಗ್ಗೇ ಕಾರಣವೆಂದುಕೊಂಡು ಆವತ್ತೇ ಕೆಂಚಪ್ಪನವರಿಂದ ಬಾಗಿಲ ಕೀ ವಾಪಸು ಪಡೆದರು.

“ಬೈದಿದ್ರೆ ಆಗೋದು,” ಎನ್ನುತ್ತಾರೆ ಕೆಂಚಪ್ಪ. “ಕೀ ಇಸ್ಕಂಡ್ರು, ಅಷ್ಟೇಯ. ಈಗ ಹೋಟ್ಲು ತಾವ ಹೋದ್ರೆ ‘ಏನ್ಲಾ ಕೆಂಚ, ಊರ್ ಹೊಲ ಎಲ್ಲಾನೂ ಒಂದೇ ಸಲ ಗುಡಿಸಾಕ್ಬಿಟ್ಟಂತೆ’ ಅಂತಾರೆ. ನಗ್ತೀನಿ. ಇನ್ನೇನ್ ಮಾಡ್ಲಿ?”

ಶಾಂತರಾಜರು ಪರದೆಯ ಮೇಲಿನ ಚಿತ್ರವನ್ನು ಒತ್ತುವುದೇ ಇಲ್ಲ. ಕಪ್ಪು ಕಿಟಕಿಯೊಂದನ್ನು ತೆರೆದು ತಂತ್ರಾಂಶದ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದು ಕರೆಯುತ್ತಾರೆ. “ಚಿತ್ರ ಒತ್ತಿದ್ರೆ ಅದು ಸುಮ್ನೆ ಸಾಯ್ತದೆ. ಇಲ್ಲಿಂದ ಕೂಗಿದ್ರೆ, ಯಾಕೆ ಸಾಯ್ತಿದೀನಿ ಅಂತ ಹೇಳಿ ಸಾಯ್ತದೆ. ಕೇಳೋರು ಒಬ್ರು ಇರ್ಬೇಕು ನೋಡಿ.”

ಆ ಕೇಳುವ ಗುಣ ಬಂದದ್ದು ಹಳೆಯ ಕಸುಬಿನಿಂದ. ಹತ್ತೊಂಬತ್ತು ವರ್ಷ ಅವರು ಅರಸೀಕೆರೆಯಲ್ಲಿ ತಾಲ್ಲೂಕು ಕಚೇರಿ ಎದುರಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂತವರು. ಅರ್ಜಿ ಬರೆಸಲು ಬಂದವರು ಅಜ್ಜನ ಕಾಲದಿಂದ ಶುರು ಮಾಡುತ್ತಿದ್ದರು. ಅದರೊಳಗಿಂದ ಎರಡು ಸಾಲಿನ ತಕರಾರನ್ನು ಹೆಕ್ಕಬೇಕಿತ್ತು. ಕಂಪ್ಯೂಟರು ಬಂತು, ಮರದ ಕೆಳಗೆ ಬರುವವರು ಕಡಿಮೆಯಾದರು. ಪರಿಚಯದ ಮೇಷ್ಟರೊಬ್ಬರು ಶಾಲೆ ಬಿಸಾಡಿದ ಯಂತ್ರಕ್ಕೆ ಲಿನಕ್ಸ್ ಹಾಕಿ ಕೊಟ್ಟರು. ಮೂರು ವರ್ಷ ಅದನ್ನು ಕೆಡಿಸುವುದು, ಸರಿಮಾಡುವುದು, ಮತ್ತೆ ಕೆಡಿಸುವುದು. ಬೆರಳಿಗೆ ಟೈಪಿಂಗ್ ಗೊತ್ತಿತ್ತು, ಕಪ್ಪು ಕಿಟಕಿ ಹೆದರಿಸಲಿಲ್ಲ.

ಈಗ ಅವರ ಪಾಲಿಗೆ ಮೂವತ್ತೇಳು ಯಂತ್ರಗಳು. ಮಾಲೇಕಲ್ಲಿನ ತಪ್ಪಲಿನಿಂದ ಗೆಂಡೆಹಳ್ಳಿಯವರೆಗೆ, ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರ್. ಕಂಡ ಕಾಯಿಲೆಯನ್ನೆಲ್ಲ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆಯುತ್ತಾರೆ. ಇದು ಐದನೆಯ ಪುಸ್ತಕ. “ಹತ್ತರಲ್ಲಿ ಮೂರು ಸಲ ಜಾಗ ತುಂಬಿರ್ತದೆ. ಯಾರೋ ಮದುವೆ ವಿಡಿಯೋ ತಂದು ಸುರಿದಿರ್ತಾರೆ, ಮಗೂಗೆ ಮೂರು ವರ್ಷ ಆದ್ರೂ ವಿಡಿಯೋ ಅಲ್ಲೇ. ಇನ್ನು ಕೆಲವು ಸಲ ಮುಚ್ಚಿದ್ವಿ ಅನ್ಕೊಂಡ ತಂತ್ರಾಂಶ ಒಳಗೇ ಕೂತಿರ್ತದೆ, ಎರಡನೇದನ್ನ ಒಳಗೆ ಬಿಡೋದಿಲ್ಲ.”

ಅರಸೀಕೆರೆಯ ಕಂಪ್ಯೂಟರ್ ಅಂಗಡಿಯವರು ಅವರನ್ನು ಛೇಡಿಸುವುದುಂಟು: “ಶಾಂತಣ್ಣ, ಫಾರ್ಮ್ಯಾಟ್ ಹೊಡ್ದು ಅರ್ಧ ಗಂಟೇಲಿ ಎದ್ದು ಬರೋದ್ ಬಿಟ್ಟು, ಅದರ ಮುಂದೆ ಏನ್ ಜಪ ಮಾಡ್ತೀರ್ರೀ?” ಎಲ್ಲವನ್ನೂ ಒರೆಸಿ ಹೊಸದಾಗಿ ತುಂಬುವುದೆಂದರೆ ಅವರಿಗೆ ಆಗದು. ಸಂಶಯ ಬಂದ ಕಡತವನ್ನೂ ಅಳಿಸುವುದಿಲ್ಲ. ತಾರೀಖು ಬರೆದ ಒಂದು ಫೋಲ್ಡರಿಗೆ ಸರಿಸಿ, ಅದಿಲ್ಲದೆ ತಂತ್ರಾಂಶ ಏಳುತ್ತದೆಯೇ ನೋಡುತ್ತಾರೆ. ಅದರದು ತಪ್ಪಿಲ್ಲವೆಂದು ತಿಳಿದರೆ ಮತ್ತೆ ಅದರ ಜಾಗದಲ್ಲೇ ಇಡುತ್ತಾರೆ. “ಕೆಟ್ಟಿದೆ ಅನ್ನೋದು ನಮ್ಮ ಅನುಮಾನ. ಅನುಮಾನದ ಮೇಲೆ ಅಳಿಸಬಾರದು,” ಎನ್ನುತ್ತಾರೆ. ಬಸದಿಯ ದಾರಿಯಲ್ಲಿ ಇರುವೆ ಸಾಲು ಕಂಡರೆ ಸುತ್ತಿ ನಡೆಯುವ ಮನೆತನ ಅವರದು. ಆ ನಡಿಗೆ ಅವರ ಬೆರಳಿಗೂ ಬಂದಿದೆ.

ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ಹಾಗಾಗಿ ಬೆಳಗಿನ ಜಾವಕ್ಕೇ ಹೊರಟು ಸಂಜೆಗೆ ಮೊದಲು ಮನೆ ಸೇರಬೇಕು. ಪತ್ನಿ ಕಾಂಚನಮಾಲಾ ನಗುತ್ತಾರೆ: “ದಾರೀಲಿ ಯಾವುದಾದ್ರೂ ಕಂಪ್ಯೂಟರ್ ನರಳಿದ್ರೆ ಆವತ್ತು ಮನೇಲಿ ಉಪವಾಸ. ವ್ರತ ಒಂದಿನಾನೂ ತಪ್ಪಿಲ್ಲ ಕಣ್ರೀ, ಊಟ ಮಾತ್ರ ಬೇಕಾದಷ್ಟು ಸಲ ತಪ್ಪೈತೆ.”

ಕಪ್ಪು ಕಿಟಕಿ ಉತ್ತರ ಕೊಡುತ್ತದೆ: ಅನುಮತಿ ಇಲ್ಲ. ತಂತ್ರಾಂಶವು ತನ್ನದೇ ಸೆಟ್ಟಿಂಗ್‌ಗಳನ್ನು ಬರೆದಿಟ್ಟ ಕಡತವನ್ನು ಮುಟ್ಟಲಾಗದೆ ಹಿಂದೆ ಸರಿಯುತ್ತಿದೆ. ಆ ಕಡತ ಯಾರ ಹೆಸರಿನಲ್ಲಿದೆ ಎಂದು ಶಾಂತರಾಜರು ಕೇಳುತ್ತಾರೆ. ಇಂದು ಅವರ ಹೆಸರಿರಬೇಕಾದ ಕಡೆ ಯಂತ್ರದ ‘ಮೇಲ್ವಿಚಾರಕ’ನ, ಅಂದರೆ ಎಲ್ಲ ಅಧಿಕಾರವಿರುವ ಖಾತೆಯ, ಹೆಸರಿದೆ. ಎದುರಿಗೆ ತಾರೀಖು, ಗಳಿಗೆ: ಗುರುವಾರ, ಸಂಜೆ ಐದೂ ಇಪ್ಪತ್ತು.

ಶಾಂತರಾಜರು ನೋಟ್‌ಬುಕ್ಕಿನ ಹಿಂದಿನ ಪುಟ ತಿರುವುತ್ತಾರೆ. ಗುರುವಾರ, ಮಾದಿಹಳ್ಳಿ, ಕನ್ನಡ ಅಕ್ಷರ (ಫಾಂಟ್) ಅಳವಡಿಕೆ.

ಆ ಸಂಜೆ ಬಿಸಿಲು ಇಳಿಯುತ್ತಿತ್ತು, ಮನೆಯ ಅವಸರವಿತ್ತು. ಅಕ್ಷರ ಅಳವಡಿಸಲು ಮೇಲ್ವಿಚಾರಕನಾಗಿ ಒಳಹೊಕ್ಕವರು, ಅದರಿಂದ ಹೊರಬರದೆ, ಅಕ್ಷರ ಸರಿಯಾಗಿ ಬಂತೇ ಎಂದು ಅದೇ ಕಿಟಕಿಯಿಂದ ತಂತ್ರಾಂಶವನ್ನು ಒಮ್ಮೆ ತೆರೆದು ನೋಡಿದ್ದರು. ಆಗಲೇ ಅದು ಆ ಕಡತವನ್ನು ಮೇಲ್ವಿಚಾರಕನ ಹೆಸರಿನಲ್ಲಿ ಬರೆದುಕೊಂಡಿತು. ಮರುದಿನ ಇಂದು ಅವರು ಬಂದಾಗ ತಮ್ಮ ಯಂತ್ರದಲ್ಲೇ ತಮಗೆ ಪ್ರವೇಶವಿಲ್ಲ. ಕೆಂಚಪ್ಪ ಪ್ಲಗ್ ಕಿತ್ತದ್ದು ಬರೀ ಕಾಕತಾಳೀಯ.

ಒಂದೇ ಸಾಲಿನ ಆದೇಶದಿಂದ ಕಡತ ಇಂದು ಅವರ ಹೆಸರಿಗೆ ಬರುತ್ತದೆ. ತಂತ್ರಾಂಶ ಏಳುತ್ತದೆ. ಅವ್ವನಕಟ್ಟೆ, ಬೋರೆಗದ್ದೆ, ಕುರಿಬಂಡೆ, ಒಂದೂ ಹೋಗಿಲ್ಲ.

ಕೋಣೆಯಲ್ಲಿ ಕಾರಣ ಗೊತ್ತಿರುವವರು ಅವರೊಬ್ಬರೇ. ಸರಿಯಾಯಿತು ಎಂದು ಎದ್ದು ಹೊರಟಿದ್ದರೆ ಕೇಳುವವರಿರಲಿಲ್ಲ.

“ಇಂದೂ ಅವ್ರೇ, ಇದು ಪ್ಲಗ್ಗಿಂದ ಆಗಿದ್ದಲ್ಲ,” ಎನ್ನುತ್ತಾರೆ ಶಾಂತರಾಜರು. “ಗುರುವಾರ ನಾನೇ ಅವಸರದಲ್ಲಿ ಮಾಡಿ ಹೋಗಿದ್ದು.”

“ಪರವಾಗಿಲ್ಲ ಬಿಡಿ ಸಾರ್, ಓಪನ್ ಆಯ್ತಲ್ಲ.”

“ನಿಮಗೆ ಪರವಾಗಿಲ್ಲ. ಹೊರಗೆ ಕೂತೋರಿಗೆ ನಾಲ್ಕು ದಿನ ಆಯ್ತು.” ಬಾಗಿಲವರೆಗೆ ಹೋಗಿ ಅದೇ ಮಾತನ್ನು ದೊಡ್ಡ ದನಿಯಲ್ಲಿ ಹೇಳುತ್ತಾರೆ. ಡೈರಿಗೆ ಬಂದವರು ತಿರುಗಿ ನೋಡುತ್ತಾರೆ. ಕೆಂಚಪ್ಪ ಕಂಬಳಿ ಸರಿಸಿ ಎದ್ದು ನಿಲ್ಲುತ್ತಾರೆ. ಶಾಂತರಾಜರು ಒಳಗೆ ಬಂದು ನೋಟ್‌ಬುಕ್ಕಿನಲ್ಲಿ ಕಾಯಿಲೆಯ ವಿವರ ಬರೆದು, ಅದರ ಮುಂದೆ ‘ಕಾರಣ: ಶಾಂತರಾಜ’ ಎಂದು ಸೇರಿಸುತ್ತಾರೆ.

ನಿಮ್ಮ ಆಸೆ ಏನು ಎಂದು ಕೇಳಿದರೆ ನೋಟ್‌ಬುಕ್ ಮುಚ್ಚುತ್ತಾ ಹೇಳುತ್ತಾರೆ: “ನನ್ನ ಕರೆಯೋ ಮುಂಚೆ, ಅದು ಏನು ಹೇಳ್ತಿದೆ ಅಂತ ಒಂದು ಸಲ ಎಲ್ಲರೂ ಓದ್ಲಿ. ಓದಿದ್ರೆ ನಾನೇ ಬೇಕಾಗಲ್ಲ. ಆಗ್ಲಿ, ಒಳ್ಳೇದೇ.”

ಮಂಜು ಹರಿದು ಬಿಸಿಲು ಜಗಲಿಗೆ ಬಂದಿದೆ. ಮೊಪೆಡ್ಡು ಗೆಂಡೆಹಳ್ಳಿಯ ಕಡೆ ತಿರುಗುತ್ತದೆ. ಇಂದು ಅವರು ಹೊರಬಂದು, ಬ್ಯಾಗಿನಿಂದ ಬಾಗಿಲ ಕೀ ತೆಗೆದು, ಎರಡೂ ಕೈಯಲ್ಲಿ ಕೆಂಚಪ್ಪನವರ ಮುಂದೆ ಹಿಡಿಯುತ್ತಾರೆ.

“ಬಾಗ್ಲು ತೆಗದೇ ಐತಲ್ಲ ಮೇಡಂ. ಈಗ್ಯಾಕೆ?”

“ಸಾಯಂಕಾಲ ಹಾಕ್ಬೇಕಲ್ಲ, ಕೆಂಚಪ್ನೋರೇ.”

ಕೆಂಚಪ್ಪ ಕೀ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.