ನಾರ್ಮನ್ ಪಿಲ್ಲಿಂಗ್‌ನ ಹಸಿರು ಅಂಚು

ಇಂಗ್ಲೆಂಡಿನ ಯಾರ್ಕ್‌ಷೈರ್‌ನ ನಮ್ಮೂರಿನ ಬಾಡಿಗೆ ತರಕಾರಿ ತೋಟಗಳಲ್ಲಿ ಎಲ್ಲರೂ ಒಂದಿಂಚು ನೆಲವನ್ನೂ ಬಿಡದೆ ಆಲೂಗಡ್ಡೆ ಹಾಕಿದರೆ, ನನ್ನ ಪಕ್ಕದ ತುಂಡಿನ ನಾರ್ಮನ್ ಪಿಲ್ಲಿಂಗ್ ಪ್ರತಿ ಪಾತಿಯ ಸುತ್ತಲೂ ಬಾಕ್ಸ್ ಎಂಬ ಪೊದೆಗಿಡದ ಗೇಣೆತ್ತರದ ಅಂಚು ಬೆಳೆಸಿದ್ದ. ಚಳಿಗಾಲದಲ್ಲೂ ಎಲೆ ಉದುರಿಸದ ಗಿಡ ಅದು. "ಇದನ್ನ ಬೇಯಿಸ್ತೀಯೋ, ಹುರೀತೀಯೋ?" ಎಂದು ನಾವು ಕೆಣಕಿದರೆ, "ಜನವರೀಲಿ ನಿಮ್ಮ ಕೆಸರು ನೋಡಿ ನೋಡಿ ಕಣ್ಣು ಸೋತಾಗ ಬನ್ನಿ, ಬಡಿಸ್ತೀನಿ" ಎನ್ನುತ್ತಿದ್ದ. ಜೂನ್‌ನಲ್ಲಿ ಡರ್ಬಿ ಕುದುರೆ ಓಟದ ದಿನವೇ ಅದನ್ನು ಕತ್ತರಿಸಬೇಕೆಂಬುದು ಅವನ ಅಪ್ಪನ ಕಾಲದ ಪದ್ಧತಿ. ರೇಡಿಯೊದಲ್ಲಿ ಕುದುರೆಗಳು ಓಡುತ್ತಿದ್ದರೆ ಅವನು ಅಂಚು ನೇರ ಬರಲೆಂದು ದಾರ ಕಟ್ಟಿ, ಮಂಡಿಯೂರಿ, ಬಸವನಹುಳುವಿನ ವೇಗದಲ್ಲಿ ಸಾಗುತ್ತಿದ್ದ. ಹಿಮ ಬಿದ್ದ ದಿನ ಮಾತ್ರ ನಾವೆಲ್ಲ ಕೆಲಸವಿಲ್ಲದಿದ್ದರೂ ಬಂದು, ಬಿಳಿಯ ನಡುವೆ ಎದ್ದು ಕಾಣುವ ಆ ಹಸಿರು ಚೌಕಗಳ ಮುಂದೆ ಚಹಾ ಕುಡಿಯುತ್ತಿದ್ದೆವು. ಅವನು ಆ ವರ್ಷ ದಾಟುವುದು ಕಷ್ಟವೆಂದು ವೈದ್ಯರು ಹೇಳಿದ ಮೇಲೂ, ಹೋದ ಜೂನ್‌ನಲ್ಲಿ ಅವನು ಕತ್ತರಿಸಿದ ಕಡ್ಡಿಗಳನ್ನು ಮರಳಿನಲ್ಲಿ ನೆಡುತ್ತಿದ್ದ. "ಇವು ಅಂಚಾಗೋಕೆ ಐದು ವರ್ಷ ಬೇಕಲ್ಲೋ" ಎಂದೆ. "ಬೇಕಾಗಿರೋದು ಅವಕ್ಕೆ, ನನಗಲ್ಲ. ನಿನ್ನ ಪಾತಿಗೇ ಕಣೋ ಇವು, ನಿಂದು ಬೋಳಾಗಿದೆ." ನವೆಂಬರ್‌ನಲ್ಲಿ ಅವನು ಹೋದ. ಅವನಿಲ್ಲದ ತೋಟ ನನಗೂ ಬೇಡವೆನಿಸಿತು. ಇವತ್ತು ನನ್ನ ತೋಟದ ಬೀಗದ ಕೈ ಹಿಂದಿರುಗಿಸಲು ಹೊರಟವನು ಅವನ ಮರಳಿನ ಪೆಟ್ಟಿಗೆಯ ಬಳಿ ನಿಂತು ಒಂದು ಕಡ್ಡಿಯನ್ನು ಮೆಲ್ಲಗೆ ಎಳೆದೆ. ಅದು ಬರಲಿಲ್ಲ, ಬೇರು ಬಿಟ್ಟಿತ್ತು. ಇನ್ನೊಂದನ್ನು ಎಳೆದೆ, ಅದೂ ಬರಲಿಲ್ಲ. ಬೀಗದ ಕೈ ನನ್ನ ಬಳಿಯೇ ಇದೆ. ಮಾರ್ಚ್‌ನಲ್ಲಿ ಇವನ್ನೆಲ್ಲ ನನ್ನ ಪಾತಿಯ ಸುತ್ತ ನೆಡಬೇಕು.